ಧಣಿಯೂ ಬೇಡ, ದೊರೆಯೂ ಬೇಡ ಎನ್ನುವ ಸಮಾಜವಾದ

ಬೆಳೆಗಾರ ಬಾಂಧವರ ಮುಂದೆ ಸಮಾಜವಾದದ ಮಾತೆತ್ತಿದರೆ ಸಾಕು, 'ತೋಟ ಸರ್ಕಾರದ ಪಾಲಾಗುತ್ತದೆಯೋ?' ಎಂಬ ಅಂಜಿಕೆ ಮೊದಲು ಹುಟ್ಟುತ್ತದೆ. ಅದು ಸಹಜವೇ. ಆದರೆ ಬಂಡವಾಳಗಾರನ ಒಡೆತನವನ್ನೂ ಸರ್ಕಾರದ ಒಡೆತನವನ್ನೂ ಒಪ್ಪದ ಇನ್ನೊಂದು ಸಮಾಜವಾದವಿದೆ. ದುಡಿಯುವವರೇ ಕೂಡಿ ದುಡಿಮೆಯ ಸಾಧನಗಳನ್ನು ನಡೆಸಬೇಕು, ತೀರ್ಮಾನ ಕೆಳಗಿನಿಂದ ಮೇಲಕ್ಕೆ ಹೋಗಬೇಕು ಎಂಬುದು ಅದರ ತಿರುಳು. ಈ ವಿಷಯಕ್ಕಾಗಿಯೇ 1872ರಲ್ಲಿ ಬಕೂನಿನ್ ಮತ್ತು ಮಾರ್ಕ್ಸ್ ಕಡೆಯವರು ಹೇಗ್ ನಗರದ ಅಧಿವೇಶನದಲ್ಲಿ ಬೇರೆಬೇರೆಯಾದರು. ಇದನ್ನು ಸ್ವಾತಂತ್ರ್ಯವಾದಿ ಸಮಾಜವಾದವೆಂದು ಕರೆಯೋಣ.

ದೊರೆ, ಧಣಿ ಇಬ್ಬರ ರುಚಿಯನ್ನೂ ಕಾಫಿ ಬೆಳೆಗಾರರು ಕಂಡವರೇ. 1940ರ ದಶಕದಿಂದ ಕಾಫಿಯನ್ನು ಬೋರ್ಡಿನ ಪೂಲಿಗೇ ಒಪ್ಪಿಸಬೇಕಿತ್ತು; ಹಣ ಕಂತುಕಂತಾಗಿ ಬರುತ್ತಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಬಿಚ್ಚಿತು. ಹಣ ಬೇಗ ಕೈಸೇರಿತು ನಿಜ. ಆದರೆ 2001-02ರ ಸುಮಾರಿಗೆ ಜಗತ್ತಿನ ಬೆಲೆ ಪಾತಾಳಕ್ಕೆ ಬಿದ್ದಾಗ ಸಣ್ಣ ಬೆಳೆಗಾರ ಒಂಟಿಯಾಗಿ ನಿಲ್ಲಬೇಕಾಯಿತು.

ಮೂರನೆಯ ದಾರಿ ಬರಿಯ ಪುಸ್ತಕದ ಬದನೆಕಾಯಿಯೇನೂ ಅಲ್ಲ. ಕಾಫಿ ಬೋರ್ಡು ನಡೆಸುತ್ತಿದ್ದ ಕಾಫಿ ಹೌಸ್‌ಗಳನ್ನು 1950ರ ದಶಕದ ನಡುವೆ ಮುಚ್ಚಲು ಹೊರಟಾಗ ನೌಕರರು ಬೀದಿಗೆ ಬೀಳುವ ಸ್ಥಿತಿಯುಂಟಾಯಿತು. ಎ. ಕೆ. ಗೋಪಾಲನ್ ಅವರ ಮುಂದಾಳ್ತನದಲ್ಲಿ ಆ ನೌಕರರೇ ಸಹಕಾರ ಸಂಘ ಕಟ್ಟಿ ಹೋಟೆಲುಗಳನ್ನು ವಹಿಸಿಕೊಂಡರು. ಅಂಥ ಮೊದಲ ಸಂಘ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಲೋಟ ತಂದಿಡುವ ಮಾಣಿಯೂ ಅಲ್ಲಿ ಷೇರುದಾರ. ಆಡಳಿತ ಮಂಡಳಿಯನ್ನು ಆರಿಸುವವನೂ ಅವನೇ. ಮಹಾತ್ಮ ಗಾಂಧಿ ರಸ್ತೆಯ ಹಳೆಯ ಜಾಗ ಬಿಟ್ಟು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಗಬೇಕಾಗಿ ಬಂದರೂ ಅಂಗಡಿ ಮುಚ್ಚಲಿಲ್ಲ. ಅಲ್ಲಿಯ ದೋಸೆಯ ವಿಚಾರ ಬೇರೆ. ನಾವು ಹೇಳುತ್ತಿರುವುದು ಲೆಕ್ಕಪುಸ್ತಕದ ವಿಚಾರ.

ಅಡಿಕೆಯವರಿಗೆ ಕ್ಯಾಂಪ್ಕೋ ಕಥೆ ಗೊತ್ತಿದ್ದದ್ದೇ. 1970-71ರಲ್ಲಿ ಧಾರಣೆ ಕುಸಿದ ಮೇಲೆ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು ಒಂದಾದರು. 1973ರ ಜುಲೈ 11ರಂದು ಮಂಗಳೂರಿನಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಕೋಕೋ ಕೊಳ್ಳುವವರಿಲ್ಲದಾದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಸಂಘ ಬೆಲೆ ಕೂಗಿದರೆ ಮಂಡಿಯ ವರ್ತಕನೂ ಆ ಬೆಲೆ ನೋಡಿಯೇ ಕೂಗಬೇಕಾಗುತ್ತದೆ. ಇದರ ಲಾಭ ಸದಸ್ಯನಲ್ಲದವನಿಗೂ ಉಂಟು.

ಆದರೆ ಇವೆರಡೂ ಒಂದೇ ಎಂದುಕೊಳ್ಳಬಾರದು. ಕಾಫಿ ಹೌಸಿನಲ್ಲಿ ದುಡಿಯುವವನೇ ಒಡೆಯ. ಬೆಳೆಗಾರರ ಸಂಘದಲ್ಲಿ ತೋಟವುಳ್ಳವನು ಒಡೆಯ; ಕೊನೆ ಕೊಯ್ಯುವವನು, ಅಡಿಕೆ ಸುಲಿಯುವವಳು ಕೂಲಿಯವರೇ. ವರ್ತಕನ ಮುಂದೆ ದುಡಿಮೆಗಾರರೆಂದು ಮಾತಾಡುವ ನಾವು ಸುಲಿಯುವವಳ ಮುಂದೆ ಧಣಿಗಳಾಗುತ್ತೇವೆ.

ಸ್ಪೇನ್ ದೇಶದ ಅರಗಾನ್ ಪ್ರಾಂತದಲ್ಲಿ 1936ರಲ್ಲಿ ರೈತರು ಊರೂರಿಗೆ ಸಾಮೂಹಿಕ ಬೇಸಾಯ ಕಟ್ಟಿದಾಗ ಇದೇ ಪ್ರಶ್ನೆ ಎದ್ದಿತ್ತು. ಸೇರಲೊಲ್ಲದ ಸಣ್ಣ ರೈತ ಕೂಲಿಯಾಳಿಲ್ಲದೆ ತಾನೂ ಮನೆಯವರೂ ಗೇಯಬಲ್ಲಷ್ಟು ನೆಲ ಇಟ್ಟುಕೊಳ್ಳಬಹುದು ಎಂಬುದು ಹಲವು ಊರುಗಳ ಕಟ್ಟಳೆ. ಬಲವಂತ ನಡೆದ ಊರುಗಳೂ ಇದ್ದವು. 1937ರಲ್ಲಿ ಗಣರಾಜ್ಯ ಸರ್ಕಾರದ ಸೇನೆಯೇ ಬಂದು ಅಲ್ಲಿಯ ಆಡಳಿತ ಮಂಡಳಿಯನ್ನು ಮುರಿಯಿತು. ಫ್ರಾಂಕೋ ಗೆದ್ದಮೇಲೆ ಉಳಿದದ್ದೂ ಹೋಯಿತು. ಸೇನೆಯಿಲ್ಲದ ಸಮಾಜವಾದ ಸೇನೆಯ ಮುಂದೆ ಎಷ್ಟು ದಿನ ನಿಂತೀತು ಎಂಬ ಸಂದೇಹ ನಮಗೂ ಇದೆ.

ಅಷ್ಟು ದೂರ ಹೋಗುವುದೇಕೆ? ಹೆಮ್ಮರಗಾಲದ ನಮ್ಮ ನಂಜನಗೂಡು ತಾಲ್ಲೂಕಿನಲ್ಲೇ ಬದನವಾಳು ಇದೆ. ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ಅದು. ಗ್ರಾಮಸ್ವರಾಜ್ಯದ ಕನಸಿನ ಊರು. 2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿನ ಸತ್ಯಾಗ್ರಹಕ್ಕೆ ಆರಿಸಿಕೊಂಡದ್ದೂ ಅದನ್ನೇ. ಅದೇ ಬದನವಾಳಿನಲ್ಲಿ 1993ರಲ್ಲಿ ದೇವಸ್ಥಾನ ಪ್ರವೇಶದ ಜಗಳ ಬೆಳೆದು ಮೂವರು ದಲಿತರ ಕೊಲೆಯಾಯಿತು. ಹಳ್ಳಿಯನ್ನೇ ಆಡಳಿತದ ಬುನಾದಿ ಮಾಡಬೇಕೆಂಬ ವಾದವನ್ನು ಅಂಬೇಡ್ಕರರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಏಕೆ ತಳ್ಳಿಹಾಕಿದರೆಂಬುದು ಇಲ್ಲಿ ತಿಳಿಯುತ್ತದೆ. ಅಧಿಕಾರ ಊರಿನ ಕೈಗೆ ಬರಲಿ ಎಂದರೆ ಊರಿನಲ್ಲಿ ಯಾರ ಕೈಗೆ ಎಂದು ಕೇಳಲೇಬೇಕು. ಕೂಲಿಯವರು ಹೆಚ್ಚಾಗಿ ಯಾವ ಕೇರಿಯವರೆಂದು ಸದಸ್ಯರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಬಂಡವಾಳಶಾಹಿಯ ಬದಲಿಗೆ ನಾಳೆಯೇ ಈ ವ್ಯವಸ್ಥೆ ಬರಲಿ ಎನ್ನುವಷ್ಟು ಧೈರ್ಯ ನಮಗಿಲ್ಲ. ಬೆಲೆ ಬಿದ್ದ ವರ್ಷ ನಷ್ಟ ಹೊರುವವರಾರು, ಕೂಡುಸಂಸ್ಥೆಗೆ ಸಾಲ ಕೊಡುವವರಾರು ಎಂಬುದಕ್ಕೆ ಉತ್ತರ ಬೇಕು. ಸುಲಿಯುವ, ಒಣಗಿಸುವ, ಸಂಸ್ಕರಿಸುವ ಕೆಲಸವನ್ನಾದರೂ ಕೆಲಸಗಾರರದೇ ಸಂಘಕ್ಕೆ ಒಪ್ಪಿಸಿ ನೋಡಬಹುದು. ಸರ್ಕಾರದ ಹಸ್ತಕ್ಷೇಪ ಕಡಿಮೆಯಿರಲೆಂದೇ ಮಾಡಿದ 1997ರ ಸೌಹಾರ್ದ ಸಹಕಾರಿ ಕಾಯಿದೆ ಇದಕ್ಕೆ ಒದಗೀತೇ ಎಂಬುದನ್ನು ಬಲ್ಲವರಿಂದ ವಿಚಾರಿಸಬೇಕು. ಈ ವಿಷಯವನ್ನು ಮಹಾಸಭೆಯಲ್ಲಿ ಎತ್ತಬಯಸುವ ಸದಸ್ಯರು ಮುಂಚಿತವಾಗಿ ಕಚೇರಿಗೆ ಬರೆದು ತಿಳಿಸಿದರೆ ಲಾಭಾಂಶದ ಚರ್ಚೆಗೆ ಮೊದಲೇ ಸಮಯ ಕೇಳಬಹುದು. ಲಾಭಾಂಶ ಮುಗಿದ ಮೇಲೆ ಸಭೆಯಲ್ಲಿ ಕುರ್ಚಿಗಳಷ್ಟೇ ಉಳಿದಿರುತ್ತವೆ.