ಈ ಪ್ರಾಜೆಕ್ಟ್ ಕಟ್ಟಿದ್ದು ಯಾವುದರಿಂದ?

ಹತ್ತಿಮತ್ತೂರು, ಸವಣೂರು ಕಡೆಯಿಂದ ಓದಿಕೊಂಡು ಹುಬ್ಬಳ್ಳಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋದ ಹುಡುಗ ಹುಡುಗಿಯರಿಗೆ ಹೊಸ ವೆಬ್‌ಸೈಟ್ ಕಟ್ಟುವ ಅವಕಾಶ ಮೊದಲಿಗೇ ಸಿಗುವುದು ಅಪರೂಪ. ಸಿಗುವುದು ಹಳೆಯದು. ಕಟ್ಟಿದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಏನೂ ಬರೆದಿಟ್ಟಿರುವುದಿಲ್ಲ. ಕೈಗೆ ಬರುವುದು ಒಂದು ಜಿಪ್ ಫೈಲು, ಜೊತೆಗೆ ಒಂದು ಮಾತು: ‘ಇದನ್ನ ರನ್ ಮಾಡಿ, ಆ ಒಂದು ಬಟನ್ ಸರಿ ಮಾಡಪಾ.’ ಬಟನ್ ಸರಿ ಮಾಡುವುದು ಐದು ನಿಮಿಷದ ಕೆಲಸ. ರನ್ ಆಗುವುದೇ ಕಷ್ಟ. ಅದನ್ನು ಯಾವ ಬಿಲ್ಡ್ ಟೂಲ್‌ನಿಂದ ಕಟ್ಟಿದ್ದಾರೆ ಎಂದು ತಿಳಿಯದೆ ಯಾವ ಕಮಾಂಡ್ ಕೊಡಬೇಕೆಂದೂ ತಿಳಿಯುವುದಿಲ್ಲ.

ಬಿಲ್ಡ್ ಟೂಲ್ ಎಂದರೆ, ನಾವು ಬರೆದ ನೂರಾರು ಫೈಲುಗಳನ್ನು ಒಟ್ಟುಗೂಡಿಸಿ, ಕುಗ್ಗಿಸಿ, ಬ್ರೌಸರ್ ಓದುವ ರೂಪಕ್ಕೆ ತಂದುಕೊಡುವ ತಂತ್ರಾಂಶ. ವೆಬ್‌ಪ್ಯಾಕ್, ವೀಟ್, ಪಾರ್ಸೆಲ್ ಈ ಜಾತಿಗೆ ಸೇರಿದವು. ಪುಟದ ನೋಟವನ್ನು ಬರೆಯಲು ಬಳಸುವ ರಿಯಾಕ್ಟ್, ವ್ಯೂ ಈ ಜಾತಿಯವಲ್ಲ. ‘ಇದು ರಿಯಾಕ್ಟ್ ಪ್ರಾಜೆಕ್ಟ್’ ಎಂದರೆ ಅರ್ಧ ಉತ್ತರವಷ್ಟೆ. ಅದೇ ರಿಯಾಕ್ಟನ್ನು ವೆಬ್‌ಪ್ಯಾಕ್‌ನಲ್ಲೂ ಕಟ್ಟಬಹುದು, ವೀಟ್‌ನಲ್ಲೂ ಕಟ್ಟಬಹುದು.

ಮೊದಲು ತೆರೆಯಬೇಕಾದದ್ದು ಪ್ಯಾಕೇಜ್ ಡಾಟ್ ಜೇಸನ್ ಎಂಬ ಫೈಲನ್ನು. (ಈ ಹೆಸರುಗಳೆಲ್ಲ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ, ಇಲ್ಲಿ ಉಚ್ಚಾರದಂತೆ ಬರೆದಿದೆ.) ಅದರಲ್ಲಿ ‘ಸ್ಕ್ರಿಪ್ಟ್ಸ್’ ಎಂಬ ಭಾಗವಿರುತ್ತದೆ. ಅಲ್ಲಿ ‘ರಿಯಾಕ್ಟ್-ಸ್ಕ್ರಿಪ್ಟ್ಸ್ ಸ್ಟಾರ್ಟ್’ ಎಂದಿದ್ದರೆ ಅದು ಕ್ರಿಯೇಟ್ ರಿಯಾಕ್ಟ್ ಆ್ಯಪ್, ಅಂದರೆ ಒಳಗೆ ವೆಬ್‌ಪ್ಯಾಕ್. ಬರೀ ‘ವೀಟ್’ ಎಂದಿದ್ದರೆ ವೀಟ್. ‘ನೆಕ್ಸ್ಟ್ ಬಿಲ್ಡ್’ ಎಂದಿದ್ದರೆ ನೆಕ್ಸ್ಟ್ ಜೆಎಸ್, ‘ಎನ್‌ಜಿ ಸರ್ವ್’ ಎಂದಿದ್ದರೆ ಆ್ಯಂಗ್ಯುಲರ್. ಪಕ್ಕದಲ್ಲಿರುವ ಲಾಕ್ ಫೈಲು ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಪ್ಯಾಕೇಜುಗಳನ್ನು ಇಳಿಸಿಕೊಂಡದ್ದು ಎನ್‌ಪಿಎಂನಿಂದಲೋ, ಯಾರ್ನ್‌ನಿಂದಲೋ, ಪಿಎನ್‌ಪಿಎಂನಿಂದಲೋ? ಒಂದೇ ಫೋಲ್ಡರಿನಲ್ಲಿ ಎರಡು ಲಾಕ್ ಫೈಲು ಕಂಡರೆ ಇಬ್ಬರು ಎರಡು ದಾರಿಯಲ್ಲಿ ಕೆಲಸ ಮಾಡಿದ್ದಾರೆ ಎಂದೇ ಲೆಕ್ಕ. ಆಗ ಇನ್‌ಸ್ಟಾಲ್ ಮಾಡುವ ಮೊದಲು ಯಾವುದು ಇತ್ತೀಚಿನದು ಎಂದು ನೋಡಿಕೊಳ್ಳಿ.

ಇಂಡೆಕ್ಸ್ ಎಚ್‌ಟಿಎಂಎಲ್ ಎಲ್ಲಿದೆ ಎಂಬುದೂ ಒಳ್ಳೆಯ ಗುರುತು. ವೀಟ್‌ನಲ್ಲಿ ಅದು ಪ್ರಾಜೆಕ್ಟಿನ ಮೇಲಿನ ಹಂತದಲ್ಲೇ ಇರುತ್ತದೆ; ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಲ್ಲಿ ಪಬ್ಲಿಕ್ ಫೋಲ್ಡರಿನೊಳಗೆ. ರೀಡ್‌ಮಿ ಫೈಲನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಟೂಲ್ ತಾನಾಗಿ ಬರೆದ ರೀಡ್‌ಮಿಯನ್ನು ಯಾರೂ ತಿದ್ದಲು ಹೋಗುವುದಿಲ್ಲ. ಪ್ರಾಜೆಕ್ಟ್ ವೀಟ್‌ಗೆ ಬದಲಾಗಿ ವರ್ಷಗಳಾದರೂ ‘ಇದನ್ನು ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಿಂದ ಶುರುಮಾಡಲಾಗಿದೆ’ ಎಂಬ ಸಾಲು ಹಾಗೇ ಉಳಿದಿರುತ್ತದೆ. ರೀಡ್‌ಮಿ ಹೇಳುವುದು ಹುಟ್ಟಿದ ಕಥೆ, ಸ್ಕ್ರಿಪ್ಟ್ಸ್ ಹೇಳುವುದು ಇಂದಿನ ಸ್ಥಿತಿ. ಹುಟ್ಟೇ ಬೇಕಿದ್ದರೆ ಗಿಟ್ ಇತಿಹಾಸದ ಮೊಟ್ಟಮೊದಲ ಕಮಿಟ್ ನೋಡಿ: ‘ಇನಿಷಿಯಲೈಸ್ ಪ್ರಾಜೆಕ್ಟ್ ಯೂಸಿಂಗ್ ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಎಂಬ ಮಾತನ್ನು ಆ ಟೂಲೇ ಬರೆಯುತ್ತದೆ.

ಇಷ್ಟೆಲ್ಲ ಪತ್ತೇದಾರಿ ಯಾಕೆ? ಒಂದು ಉದಾಹರಣೆ ಸಾಕು. ಹಳೆಯ ಪ್ರಾಜೆಕ್ಟನ್ನು ಹೊಸ ಕಂಪ್ಯೂಟರಿನಲ್ಲಿ ಚಾಲೂ ಮಾಡಿದಾಗ ‘ಡಿಜಿಟಲ್ ಎನ್ವಲಪ್ ರೂಟೀನ್ಸ್, ಅನ್‌ಸಪೋರ್ಟೆಡ್’ ಎಂಬ ಎರರ್ ಎಷ್ಟೋ ಜನರನ್ನು ಕಾಡಿದೆ. ಓದಿದರೆ ತಲೆಬುಡ ತಿಳಿಯುವುದಿಲ್ಲ. ನಡೆದದ್ದು ಇಷ್ಟೇ: ವೆಬ್‌ಪ್ಯಾಕ್ 4 ತನ್ನ ಫೈಲುಗಳಿಗೆ ಗುರುತು ಹಾಕಲು ಎಂಡಿ4 ಎಂಬ ಹಳೆಯ ಲೆಕ್ಕವನ್ನು ಬಳಸುತ್ತದೆ. ಈ ಟೂಲುಗಳನ್ನು ಓಡಿಸುವ ನೋಡ್ ತಂತ್ರಾಂಶದ 2021ರಲ್ಲಿ ಬಂದ 17ನೇ ಆವೃತ್ತಿ, ಇಂಥ ಲೆಕ್ಕ ಮಾಡಿಕೊಡುವ ಓಪನ್‌ಎಸ್‌ಎಸ್‌ಎಲ್ 3ನ್ನು ಒಳಗೆ ತಂದಿತು. ಅದು ಎಂಡಿ4ನ್ನು ಹಳೆಯ ಸಾಮಾನಿನ ಪಟ್ಟಿಗೆ ಸೇರಿಸಿ ಬಾಗಿಲು ಹಾಕಿತು. ನಿಮ್ಮ ಪ್ರಾಜೆಕ್ಟಿನಲ್ಲಿ ರಿಯಾಕ್ಟ್-ಸ್ಕ್ರಿಪ್ಟ್ಸ್ 4 ಇದೆ, ಅಂದರೆ ವೆಬ್‌ಪ್ಯಾಕ್ 4 ಇದೆ ಎಂದು ಗೊತ್ತಾದ ಕೂಡಲೇ ದಾರಿ ಕಾಣುತ್ತದೆ. ನೋಡ್ 16ರಲ್ಲಿ ಓಡಿಸಿ, ಇಲ್ಲವೇ ರಿಯಾಕ್ಟ್-ಸ್ಕ್ರಿಪ್ಟ್ಸ್ 5ಕ್ಕೆ ಏರಿಸಿ. ಅದರಲ್ಲಿ ವೆಬ್‌ಪ್ಯಾಕ್ 5 ಇದೆ. ನನ್ನನ್ನು ಕೇಳಿದರೆ ಅದಕ್ಕಿಂತ ಮುಂದೆ ಹೋಗಿ ವೀಟ್‌ಗೆ ಬದಲಾಯಿಸುವುದೇ ಮೇಲು. ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನ ಕಾಲ ಮುಗಿಯಿತು ಎಂದು ರಿಯಾಕ್ಟ್ ತಂಡವೇ 2025ರ ಫೆಬ್ರುವರಿಯಲ್ಲಿ ಸಾರಿದೆ.

ಕೋಡ್ ಇಲ್ಲದೆ ಬರೀ ನಡೆಯುತ್ತಿರುವ ಸೈಟ್ ಇದ್ದರೆ? ಕಂಟ್ರೋಲ್ ಮತ್ತು ಯು ಒತ್ತಿ ಪುಟದ ಸೋರ್ಸ್ ನೋಡಿ. ನಮ್ಮ ಹಾವೇರಿ ಜಿಲ್ಲೆಯ ಸರ್ಕಾರಿ ಜಾಲತಾಣದಲ್ಲೇ ಅಭ್ಯಾಸ ಮಾಡಬಹುದು. ಚಿತ್ರಗಳ ವಿಳಾಸಗಳಲ್ಲಿ ‘ಎಸ್3ವಾಸ್’ ಎಂಬ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಅದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ರೂಪಿಸಿದ ಚೌಕಟ್ಟು. ದೇಶದ ಬೇರೆ ಜಿಲ್ಲೆಗಳ ತಾಣಗಳೂ ನೋಡಲು ಒಂದೇ ಥರ ಇರುವುದರ ಗುಟ್ಟು ಅದೇ. ಕನ್ನಡ ವಿಕಿಪೀಡಿಯದ ಸೋರ್ಸ್ ತೆರೆದರೆ ‘ಜನರೇಟರ್’ ಎಂಬ ಮೆಟಾ ಸಾಲಿನಲ್ಲಿ ಮೀಡಿಯಾವಿಕಿ ತನ್ನ ಆವೃತ್ತಿಯ ಸಮೇತ ಹೆಸರು ಹೇಳಿಕೊಳ್ಳುತ್ತದೆ. ಬೇರೆ ಕಡೆ ‘_ನೆಕ್ಸ್ಟ್/ಸ್ಟ್ಯಾಟಿಕ್’ ಕಂಡರೆ ನೆಕ್ಸ್ಟ್ ಜೆಎಸ್, ‘ಚಂಕ್-ವೆಂಡರ್ಸ್’ ಕಂಡರೆ ಬಹುಮಟ್ಟಿಗೆ ವ್ಯೂ ಸಿಎಲ್‌ಐ, ‘ಡಬ್ಲ್ಯುಪಿ-ಕಂಟೆಂಟ್’ ಕಂಡರೆ ವರ್ಡ್‌ಪ್ರೆಸ್.

ಆದರೆ ಬ್ರೌಸರ್‌ಗೆ ಬಂದದ್ದಷ್ಟೇ ಬ್ರೌಸರಿನಲ್ಲಿ ಕಾಣುತ್ತದೆ. ಉದಾಹರಣೆಗೆ, ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಅದರ ಹಿಂದೆ ಇದ್ದದ್ದು ಕೈಲಾಶ್ ನಾಧ್ ಗೋ ಭಾಷೆಯಲ್ಲಿ ಬರೆದ ತಂತ್ರಾಂಶ. ಪದ ಹುಡುಕುವವರ ಪುಟದಲ್ಲಿ ಆ ಗೋ ಕೋಡ್ ಎಲ್ಲೂ ಕಾಣುವುದಿಲ್ಲ. ಆ ತಂತ್ರಾಂಶವೂ ಮುಕ್ತವಾದ್ದರಿಂದ ಮೂಲ ಕೋಡ್ ತೆರೆದು ನೋಡಿದವರಿಗೆ ಅದು ತಿಳಿಯುತ್ತದೆ. ಟೂಲ್ ಪತ್ತೆ ಹಚ್ಚುವ ವಾಪಲೈಸರ್‌ನಂಥ ಎಕ್ಸ್‌ಟೆನ್ಷನ್‌ಗಳಿಗೂ ಇದೇ ಮಿತಿ ಉಂಟು. ಅವು ಹೇಳುವುದನ್ನು ಊಹೆ ಎಂದು ತಿಳಿದು ಇನ್ನೊಂದು ಗುರುತಿನಿಂದ ತಾಳೆ ನೋಡಬೇಕು. ಹೊಸ ಟೂಲುಗಳು ಒಳಗೊಳಗೇ ಬದಲಾಗುವುದೂ ಉಂಟು. ಆ್ಯಂಗ್ಯುಲರ್ 17ರಲ್ಲಿ ಶುರುಮಾಡಿದ ಹೊಸ ಪ್ರಾಜೆಕ್ಟುಗಳಲ್ಲಿ ವೆಬ್‌ಪ್ಯಾಕ್ ಜಾಗಕ್ಕೆ ಇಎಸ್‌ಬಿಲ್ಡ್ ಬಂದಿದೆ, ಕಮಾಂಡ್ ಮಾತ್ರ ಅದೇ ‘ಎನ್‌ಜಿ ಬಿಲ್ಡ್’.

ನೀವು ಪ್ರಾಜೆಕ್ಟ್ ಬಿಟ್ಟು ಹೊರಡುವಾಗ ರೀಡ್‌ಮಿಯಲ್ಲಿ ಮೂರು ಸಾಲು ಬರೆದಿಡಿ: ಟೂಲ್ ಯಾವುದು, ನೋಡ್ ಆವೃತ್ತಿ ಎಷ್ಟು, ಚಾಲೂ ಮಾಡುವ ಕಮಾಂಡ್ ಏನು.