ತೋಳವಾಗುವ ನಲ್ಲ, ಮರವಾಗುವ ಮಡದಿ

ನಮ್ಮ ಅಣ್ಣನ ಮಗಳು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವವಳು. ಬೇಸಗೆಯ ರಜೆಗೆಂದು ನಮ್ಮಲ್ಲಿಗೆ ಬಂದಾಗ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಪುಸ್ತಕಗಳನ್ನೇ ತುಂಬಿಕೊಂಡು ಬಂದಿದ್ದಳು. ಶಾಸ್ತ್ರಗ್ರಂಥಗಳಿರಬೇಕೆಂದು ಗೌರವದಿಂದ ಎತ್ತಿ ನೋಡಿದೆ. ಕಪ್ಪು ರಕ್ಷಾಪುಟದ ನಾಲ್ಕು ದಪ್ಪ ಇಂಗ್ಲಿಷ್ ಕಾದಂಬರಿಗಳು!

"ಇದೇನಮ್ಮ?" ಎಂದೆ.

"ಪ್ರೇಮಕಥೆ, ಚಿಕ್ಕಪ್ಪ. ಇದರಲ್ಲಿ ಒಬ್ಬ ಹುಡುಗ ತೋಳವಾಗುತ್ತಾನೆ."

"ಆಮೇಲೆ?"

"ಆಮೇಲೆ ಮತ್ತೆ ಹುಡುಗನಾಗುತ್ತಾನೆ."

ಹಳಗನ್ನಡ ಪಾಠ ಹೇಳಿ ಜೀವಿಸುವವನಿಗೆ ನಗು ಬಂದದ್ದು ಸಹಜ. ಆದರೆ ನಗುವ ಹಕ್ಕು ನನಗಿಲ್ಲವೆಂಬುದು ಮರುಗಳಿಗೆಯಲ್ಲೇ ಹೊಳೆಯಿತು. ಹಿಂದಿನ ತಿಂಗಳಷ್ಟೇ ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು ತರಗತಿಯಲ್ಲಿ ಬಹು ಗಂಭೀರವಾಗಿ ಬೋಧಿಸಿ ಮುಗಿಸಿದ್ದೆ. ಅಲ್ಲಿ ಹಾವು ಗಂಡನಾಗಿ ಬರುತ್ತದೆ. ಹಾವಿಗೆ ಸಂದ ಮರ್ಯಾದೆ ತೋಳಕ್ಕೇಕೆ ಸಲ್ಲಬಾರದು? ಆ ರಾತ್ರಿಯೇ ಮೊದಲ ಸಂಪುಟ ಹಿಡಿದು ಕುಳಿತೆ.

ಸ್ಟೆಫನಿ ಮೇಯರ್ ಎಂಬ ಅಮೆರಿಕದ ಲೇಖಕಿಯ 'ಟ್ವೈಲೈಟ್' ಮಾಲೆಯದು. 2005ರಿಂದ 2008ರವರೆಗೆ ವರ್ಷಕ್ಕೊಂದರಂತೆ ನಾಲ್ಕು ಸಂಪುಟಗಳು ಪ್ರಕಟವಾದವು. ವಾಷಿಂಗ್ಟನ್ ರಾಜ್ಯದಲ್ಲಿ ಸದಾ ಮಳೆ ಸುರಿಯುವ ಫೋರ್ಕ್ಸ್ ಎಂಬ ಸಣ್ಣ ಊರಿಗೆ ಬೆಲ್ಲಾ ಎಂಬ ಹುಡುಗಿ ಬರುತ್ತಾಳೆ. ಅವಳು ಒಲಿಯುವ ಎಡ್ವರ್ಡ್ ಮುಪ್ಪಿಲ್ಲದವನು, ರಕ್ತ ಕುಡಿದು ಬದುಕುವವನು. ಅವನ ವಿಷಯ ಇಲ್ಲಿ ಬೇಡ. ನಮಗೆ ಬೇಕಾದವನು ಜೇಕಬ್; ಸಮೀಪದ ಕಡಲ ದಂಡೆಯಲ್ಲಿ ವಾಸಿಸುವ ಕ್ವಿಲಿಯೂಟ್ ಬುಡಕಟ್ಟಿನ ಹುಡುಗ. ಕೋಪ ಬಂದಿತೆಂದರೆ ಅವನ ಮೈ ನಡುಗುತ್ತದೆ, ಬಟ್ಟೆ ಚಿಂದಿಯಾಗುತ್ತದೆ, ಕುದುರೆಯೆತ್ತರದ ತೋಳವೊಂದು ಎದುರಿಗೆ ನಿಲ್ಲುತ್ತದೆ.

ಎರಡನೆಯ ಸಂಪುಟವನ್ನು ನಾನು ಊಟದ ಕರೆಗೂ ಓಗೊಡದೆ ಓದಿದೆನೆಂದು ಒಪ್ಪಿಕೊಳ್ಳಬೇಕು. ಎಡ್ವರ್ಡ್ ತೊರೆದುಹೋದ ದುಃಖದಲ್ಲಿ ಜೀವಚ್ಛವದಂತಾಗಿದ್ದ ಬೆಲ್ಲಾಳನ್ನು, ಹಳೆಯ ಮೋಟಾರ್ ಸೈಕಲ್ಲುಗಳನ್ನು ರಿಪೇರಿ ಮಾಡುತ್ತ ಜೇಕಬ್ ಮತ್ತೆ ನಗುವಂತೆ ಮಾಡುತ್ತಾನೆ. ಇದ್ದಕ್ಕಿದ್ದಂತೆ ಒಂದು ದಿನ ಅವಳ ಕಣ್ಣು ತಪ್ಪಿಸತೊಡಗುತ್ತಾನೆ. ತನಗೊದಗಿದ ರೂಪಾಂತರವನ್ನು ಬಾಯಿಬಿಟ್ಟು ಹೇಳಕೂಡದೆಂಬುದು ಅವನ ಮೇಲಿರುವ ಕಟ್ಟಳೆ. ಹಿಂದೊಮ್ಮೆ ಕಡಲತೀರದಲ್ಲಿ ತಾನು ಹೇಳಿದ್ದ ತನ್ನ ಕುಲದ ಕಥೆಯನ್ನು ನೆನಪಿಸಿಕೊಳ್ಳೆಂದು ಬೇಡುವುದಷ್ಟೇ ಅವನಿಂದ ಸಾಧ್ಯ. ಅವಳು ನೆನೆದು ನೆನೆದು ಕೊನೆಗೆ ಗುರುತು ಹಿಡಿಯುತ್ತಾಳೆ.

ಇಂಥ ಕಾದಂಬರಿಗಳ ಆಕರ್ಷಣೆ ಇರುವುದು ಇಲ್ಲಿಯೇ ಎಂದು ನನಗೆ ತೋರಿತು. ಲೋಕದ ಕಣ್ಣಿಗೆ ಮೃಗವಾಗಿ ಕಂಡವನನ್ನು ಒಬ್ಬಳು ಗುರುತಿಸುತ್ತಾಳೆ. ದಮಯಂತಿಯ ಸ್ವಯಂವರದಲ್ಲಿ ನಾಲ್ವರು ದೇವತೆಗಳು ನಳನ ರೂಪದಲ್ಲಿ ಬಂದು ಕುಳಿತಾಗ ನಾವು ಉಸಿರು ಹಿಡಿದು ಕೇಳುವುದೂ ಇದೇ ಕಾರಣಕ್ಕಲ್ಲವೆ? ಎವೆಯಿಕ್ಕದ ಕಣ್ಣು, ಬಾಡದ ಮಾಲೆ, ಬೆವರದ ಮೈ, ನೆಲ ಮುಟ್ಟದ ಪಾದ ಇವು ದೇವತೆಗಳ ಲಕ್ಷಣ. ಬಾಡಿದ ಹೂವನ್ನು ತೊಟ್ಟು ಬೆವರುತ್ತಿದ್ದವನೇ ಅವಳ ನಳ.

ಆದರೆ ಮೂರನೆಯ ಸಂಪುಟಕ್ಕೆ ಬರುವ ವೇಳೆಗೆ ನನ್ನ ಉತ್ಸಾಹ ಇಳಿಯಿತು. ಅಲ್ಲಿ ಲೇಖಕಿ ಒಂದು ನಿಯಮವನ್ನು ವಿವರಿಸುತ್ತಾರೆ. ತೋಳವಾಗುವ ಗಂಡಿಗೆ ಯಾವಳಾದರೂ ಹುಡುಗಿಯನ್ನು ಕಂಡೊಡನೆ ಅವಳ ಮೂರ್ತಿ ಮನಸ್ಸಿನಲ್ಲಿ ಅಚ್ಚೊತ್ತಿಬಿಡಬಹುದು; ಆ ಕ್ಷಣದಿಂದ ಅವನು ಅವಳವನು, ಬೇರೆ ದಾರಿಯಿಲ್ಲ. ಗುರುತಿಸುವ, ಆರಿಸಿಕೊಳ್ಳುವ ಕಷ್ಟವೇ ತೀರಿತು! ತೋಳಗಳ ನಾಯಕ ಸ್ಯಾಮ್ ಲೀಯಾ ಎಂಬವಳನ್ನು ಪ್ರೀತಿಸಿದ್ದವನು. ಆಕೆಯ ನಂಟಳಾದ ಎಮಿಲಿಯನ್ನು ಕಂಡೊಡನೆ ಅಚ್ಚು ಬಿದ್ದು ಲೀಯಾಳನ್ನು ಬಿಟ್ಟ. ಎಮಿಲಿ ಮೊದಲು ಅವನ ಮೇಲೆ ಸಿಟ್ಟಾಗಿಯೇ ಇದ್ದಳು. ಕೋಪದ ಒಂದು ಗಳಿಗೆಯಲ್ಲಿ ಸ್ಯಾಮ್ ತೋಳವಾಗಿ ಅವಳ ಮುಖವನ್ನು ಉಗುರಿನಿಂದ ಸೀಳಿದ. ಅನಂತರ ಅವನ ಪಶ್ಚಾತ್ತಾಪ ಕಂಡು ಅವನನ್ನೇ ಸಂತೈಸುತ್ತ ಅವಳು ಮನಸೋತಳಂತೆ! ಮುಖದ ಒಂದು ಪಾರ್ಶ್ವದಲ್ಲಿ ಮಾಯದ ಗೆರೆಗಳನ್ನು ಹೊತ್ತು, ತೋಳಗಳ ಹಿಂಡಿಗೆಲ್ಲ ತಿಂಡಿ ಮಾಡಿ ಬಡಿಸುತ್ತ ಸಂತೋಷವಾಗಿದ್ದಾಳೆ.

ಇನ್ನು ಲೀಯಾ. ಆ ಹಿಂಡಿನಲ್ಲಿ ತೋಳವಾಗುವ ಏಕೈಕ ಹೆಣ್ಣು ಅವಳು. ತೋಳಗಳಾದಾಗ ಒಬ್ಬರ ಮನಸ್ಸಿನ ಮಾತು ಇನ್ನೊಬ್ಬರಿಗೆ ಕೇಳಿಸುವುದರಿಂದ ತನ್ನನ್ನು ತೊರೆದವನ ಆನಂದವನ್ನು ದಿನವೂ ಒಳಗಿಂದಲೇ ಕೇಳಬೇಕಾದ ಶಿಕ್ಷೆ ಅವಳದು. ನಾಲ್ಕೂ ಸಂಪುಟಗಳಲ್ಲಿ ಇವಳಿಗಿಂತ ಒಳ್ಳೆಯ ಪಾತ್ರವಿಲ್ಲ. ಕೊನೆಯ ಸಂಪುಟದಲ್ಲಿ ಜೇಕಬ್‌ನಿಗೂ ಅಚ್ಚು ಬೀಳುತ್ತದೆ, ಬೆಲ್ಲಾಳಿಗೆ ಆಗತಾನೆ ಹುಟ್ಟಿದ ಹೆಣ್ಣುಕೂಸಿನ ಮೇಲೆ! ಲೀಯಾಳಿಗೆ ಮಾತ್ರ ಯಾರೂ ಇಲ್ಲ. ಪುಸ್ತಕ ಮುಚ್ಚಿ ಮಗಳ ಮುಂದೆ ಅಸಮಾಧಾನ ತೋಡಿಕೊಂಡೆ.

"ನನಗೂ ಅಲ್ಲೇ ಕೋಪ ಬಂತು ಚಿಕ್ಕಪ್ಪ," ಎಂದಳು. "ಆದರೂ ಮೂರು ಸಲ ಓದಿದ್ದೇನೆ."

ಈ ಮಾತುಕತೆಯ ಮಧ್ಯೆಯೇ ಊರಿನಿಂದ ಅತ್ತಿಗೆಯ ಫೋನು ಬಂದಿತು. ಮಗಳಿಗೊಂದು ಸಂಬಂಧ ಬಂದಿದೆ. ಹುಡುಗ ಒಳ್ಳೆಯ ಕೆಲಸದಲ್ಲಿದ್ದಾನೆ. ಸ್ವಲ್ಪ ಮುಂಗೋಪಿಯೆಂದು ಅವರ ಕಡೆಯವರೇ ಹೇಳಿದರಂತೆ. "ಅದೇನು ಮಹಾ! ಮದುವೆಯಾದ ಮೇಲೆ ಎಲ್ಲ ಸರಿಹೋಗುತ್ತದೆ," ಎಂದರು ಅತ್ತಿಗೆ.

ನಾನೂ ಮಗಳೂ ಪರಸ್ಪರ ಮುಖ ನೋಡಿಕೊಂಡೆವು. ಈ ಆಶ್ವಾಸನೆ ಅತ್ತಿಗೆಯ ಸ್ವಂತದ್ದಲ್ಲ. ಫ್ರಾನ್ಸಿನಲ್ಲಿ 1740ರಲ್ಲಿ ಮದಾಮ್ ದ ವಿಲ್ನೆವ್ ಬರೆದ 'ಸುಂದರಿ ಮತ್ತು ಮೃಗ'ದ ದೀರ್ಘಕಥೆಯನ್ನು 1756ರಲ್ಲಿ ಮದಾಮ್ ಲಪ್ರಾಂಸ್ ದ ಬೋಮೊಂ ಎಂಬ ಉಪಾಧ್ಯಾಯಿನಿ ಎಳೆಯ ಹುಡುಗಿಯರಿಗಾಗಿ ಸಂಗ್ರಹಿಸಿದಳು. ಹೆಣ್ಣು ತಾಳ್ಮೆಯಿಂದ ಪ್ರೀತಿಸಿದರೆ ಮೃಗ ರಾಜಕುಮಾರನಾಗುತ್ತಾನೆ ಎಂಬ ಭರವಸೆ ಅಂದಿನಿಂದ ಎಷ್ಟು ಕಾದಂಬರಿಗಳನ್ನು ಸಾಕಿದೆಯೋ! ಆ ಕಥೆಯ ಮೃಗ ಮಾತ್ರ ಪ್ರತಿರಾತ್ರಿ ಊಟದ ವೇಳೆಗೆ ಬಂದು ನನ್ನನ್ನು ಮದುವೆಯಾಗುವೆಯಾ ಎಂದು ಕೇಳುತ್ತದೆ, ಒಲ್ಲೆನೆಂದರೆ ನಿಟ್ಟುಸಿರಿಟ್ಟು ಹೊರಟುಹೋಗುತ್ತದೆ. ಅಷ್ಟು ಸೌಜನ್ಯ ಅದಕ್ಕಿತ್ತು.

ನಮ್ಮ 'ನಾಗಮಂಡಲ' ಈ ಭರವಸೆಯನ್ನು ಕೊಡುವುದೇ ಇಲ್ಲ. ಎ.ಕೆ. ರಾಮಾನುಜನ್ ಹೇಳಿದ ಎರಡು ಜನಪದ ಕಥೆಗಳಿಂದ ಕಾರ್ನಾಡರು ಕಟ್ಟಿ 1988ರಲ್ಲಿ ಹೊರತಂದ ನಾಟಕವಿದು. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿ ಸೂಳೆಯ ಮನೆಗೆ ಹೋಗುವವನು. ಅವನು ಒಲಿಯಲೆಂದು ಕುರುಡವ್ವ ಕೊಟ್ಟ ಬೇರನ್ನು ರಾಣಿ ಸಾರಿಗೆ ಹಾಕುತ್ತಾಳೆ. ಅದರ ಕೆಂಪು ಕಂಡು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಒಲಿದದ್ದು ಹುತ್ತದೊಳಗಿನ ನಾಗ. ರಾತ್ರಿ ಅಪ್ಪಣ್ಣನ ರೂಪದಲ್ಲಿ ಬಂದು ಅಕ್ಕರೆಯಿಂದ ಮಾತನಾಡುತ್ತದೆ. ಹಗಲಿನ ಅಪ್ಪಣ್ಣ ಹಗಲಿನ ಅಪ್ಪಣ್ಣನೇ. ಗಂಡ ಬದಲಾಗಲಿಲ್ಲ, ಗಂಡನ ಮುಖ ಹೊತ್ತು ಬೇರೊಬ್ಬ ಬಂದ! ಆ ಸುಖಕ್ಕೆ ತೆರಬೇಕಾದ ಬೆಲೆಯನ್ನೂ ನಾಟಕ ಮರೆಮಾಚುವುದಿಲ್ಲ. ಗರ್ಭಿಣಿಯಾದ ರಾಣಿ ಪಂಚರೆದುರು ಹಾವು ಹಿಡಿದು ಪ್ರಮಾಣ ಮಾಡಬೇಕಾಗುತ್ತದೆ. ನಾಗ ಅವಳ ಕೂದಲಿನಲ್ಲೇ ಉರುಳು ಹಾಕಿಕೊಂಡು ಸಾಯುತ್ತದೆ. ಈ ಮುಕ್ತಾಯಕ್ಕೆ ನಾಟಕದೊಳಗಿನ ಕೇಳುಗರೇ ಒಪ್ಪದಿರುವುದರಿಂದ ಇನ್ನೊಂದು ಮುಕ್ತಾಯ ಬರುತ್ತದೆ. ಅದರಲ್ಲಿ ನಾಗ ಬದುಕಿ ಅವಳ ಕೂದಲಲ್ಲಿ ಅಡಗುತ್ತದೆ. ಓದುಗರ ತಕರಾರನ್ನು ಪುಸ್ತಕದೊಳಗೇ ಆಲಿಸಿದ ಈ ಔದಾರ್ಯ ಲೀಯಾಳ ಪಾಲಿಗೆ ಬರಲಿಲ್ಲ.

ಆ ರಾತ್ರಿ ಮಗಳಿಗೆ ನಮ್ಮ ತಾಯಿ ಇನ್ನೊಂದು ಕಥೆ ಹೇಳಿದರು. ರಾಮಾನುಜನ್ ಸಂಗ್ರಹಿಸಿದ್ದ ಕನ್ನಡದ ಕಥೆಯೇ ಅದು. 1993ರಲ್ಲಿ ಅವರು ತೀರಿಕೊಂಡ ಮೇಲೆ 1997ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಬಂದ ಸಂಕಲನಕ್ಕೆ ಅದರದೇ ಹೆಸರು. ಬಡವಿಯ ಮಗಳೊಬ್ಬಳು ಹೂಮರವಾಗಬಲ್ಲವಳು. ಅಕ್ಕ ಒಂದು ಬಿಂದಿಗೆ ನೀರು ಸುರಿದರೆ ಮರ, ಇನ್ನೊಂದು ಸುರಿದರೆ ಹುಡುಗಿ. ಹೂ ಕೊಯ್ಯುವಾಗ ರೆಂಬೆ ಮುರಿಯಬಾರದು, ಎಲೆ ಹರಿಯಬಾರದು. ಮದುವೆಯಾದ ರಾಜಕುಮಾರ ಹೂವಿನಾಸೆಗೆ ರಾತ್ರಿ ರಾತ್ರಿಯೂ ಅವಳನ್ನು ಮರವಾಗಿಸುತ್ತಾನೆ. ನಾದಿನಿ ಗೆಳತಿಯರೊಡನೆ ತೋಟಕ್ಕೊಯ್ದು, ರೆಂಬೆಕೊಂಬೆ ಮುರಿದು ಬಿಟ್ಟುಬರುತ್ತಾಳೆ. ಕೈಕಾಲಿಲ್ಲದ ಮುದ್ದೆಯಾಗಿ ಬಿದ್ದ ಅವಳನ್ನು ಎಷ್ಟೋ ಕಾಲದ ಮೇಲೆ ಕಂಡು ಗುರುತಿಸಿದ ಗಂಡ ನೀರು ಸುರಿದು, ಮರವಾದಾಗ ಮುರಿದ ರೆಂಬೆಗಳನ್ನೂ ಎಲೆಗಳನ್ನೂ ಒಂದೊಂದಾಗಿ ಜೋಡಿಸಿ, ಎರಡನೆಯ ಬಿಂದಿಗೆ ಎತ್ತುತ್ತಾನೆ.

"ಅಂತೂ ಈ ಕಥೆಯಲ್ಲಿ ರಿಪೇರಿ ಕೆಲಸ ಗಂಡನ ಪಾಲಿಗೆ ಬಂತು," ಎಂದಳು ಮಗಳು.

"ಮೊದಲೇ ನೋಡಿಕೊಂಡಿದ್ದರೆ ಆ ಕೆಲಸವೇ ಬರುತ್ತಿರಲಿಲ್ಲ," ಎಂದರು ನಮ್ಮ ತಾಯಿ.

ಮರುದಿನ ಅವಳೇ ಅತ್ತಿಗೆಗೆ ಫೋನು ಮಾಡಿದಳು. ಹುಡುಗನನ್ನು ಮನೆಗೆ ಕರೆಸುವುದು ಬೇಡ, ಜನಜಂಗುಳಿಯಿರುವ ಯಾವುದಾದರೂ ಹೋಟೆಲಿನಲ್ಲಿ ಭೇಟಿಯಾಗುತ್ತೇನೆ; ಕಾಫಿ ತರಲು ಮಾಣಿ ತಡಮಾಡಿದಾಗ ಅವನ ಮುಖ ಹೇಗಾಗುತ್ತದೆಂದು ನೋಡಬೇಕು, ಎಂದಳು. ಅತ್ತಿಗೆ ನನ್ನನ್ನು ಬೈದರು.

ಅವಳು ಹೋಗಿ ನೋಡಿ ಬಂದಿದ್ದಾಳೆ. ಕಂಡದ್ದೇನೆಂಬುದನ್ನು ತನ್ನ ಅಜ್ಜಿಗೆ ಮಾತ್ರ ಹೇಳಿದ್ದಾಳೆ. ಪುಸ್ತಕಗಳು ನಮ್ಮಲ್ಲೇ ಉಳಿದಿವೆ. ನನ್ನ ಹೆಂಡತಿ ಈಗ ಮೂರನೆಯ ಸಂಪುಟದಲ್ಲಿದ್ದಾಳೆ. ಲೀಯಾಳಿಗೆ ಮುಂದೆ ಒಳ್ಳೆಯದಾಗುತ್ತದೆಯೇ ಎಂದು ಎರಡು ಸಲ ಕೇಳಿದಳು. ನಾನಿನ್ನೂ ಉತ್ತರ ಹೇಳಿಲ್ಲ.