ಅರ್ಬಿಯ ದಾರಿ: ಕೇಳಿದ್ದೆಷ್ಟು, ನಿಜವೆಷ್ಟು

ರಜೆ ಸಿಕ್ಕಿತೆಂದರೆ ಮೂಡುಬಿದಿರೆ, ಬಂಟ್ವಾಳದ ಹುಡುಗರ ಬೈಕುಗಳು ಬೆಳ್ತಂಗಡಿ ದಾಟಿ ಘಟ್ಟದ ಬುಡಕ್ಕೆ ಓಡುತ್ತವೆ. ದಿಡುಪೆಯ ಕಡಮಗುಂಡಿ, ಆ ಕಡೆಯದೇ ಎರ್ಮಾಯಿ, ಇಡೀ ದಿನ ನಡೆಯುವ ಕಸುವಿದ್ದವರಿಗೆ ಬಂಡಾಜೆ ಅರ್ಬಿ. ಮೂರೂ ಅರ್ಬಿಗಳೇ, ಅಂದರೆ ಜಲಪಾತಗಳು. ಹೊರಡುವಾಗ ಮನೆಯವರು ಹೇಳುವುದು ಆನೆ, ಹಾವುಗಳ ಮಾತು. ಆ ಎಚ್ಚರವೂ ಬೇಕು. ಆದರೆ ನಾವು ಅಷ್ಟಾಗಿ ಹೆದರದ ಎರಡು ಅಪಾಯಗಳು ಈ ದಾರಿಯಲ್ಲಿವೆ: ನೀರು ಮತ್ತು ಉಣ್ಣಿ.

‘ಇಲ್ಲಿ ಬಿಸಿಲಿದೆಯಲ್ಲ, ನೀರಿಗಿಳಿದರೇನು?’ ಇದು ಜೀವ ತೆಗೆಯುವ ನಂಬಿಕೆ. ಅರ್ಬಿಗೆ ನೀರು ಬರುವುದು ನಮ್ಮ ತಲೆಯ ಮೇಲಿನ ಆಕಾಶದಿಂದಲ್ಲ, ಕೆಳಗಿನಿಂದ ಕಾಣದ ಘಟ್ಟದ ನೆತ್ತಿಯಿಂದ. ಅಲ್ಲಿ ಸುರಿದ ಮಳೆ ಕಡಿದಾದ ಬಂಡೆಗಳ ಮೇಲೆ ನಿಲ್ಲದೆ ಇಳಿಯುತ್ತದೆ. ಮೊಣಕಾಲುದ್ದದ ಹಳ್ಳ ನೋಡನೋಡುತ್ತಲೇ ಎದೆಮಟ್ಟಕ್ಕೆ ಏರಬಹುದು. ತಿಳಿನೀರು ಕೆಂಪಗಾದರೆ, ತರಗೆಲೆ, ಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ ಚೀಲ ಚಪ್ಪಲಿಗೆ ಕಾಯದೆ ಎತ್ತರಕ್ಕೆ ಹತ್ತಬೇಕು. ಆಚೆ ದಡದಲ್ಲಿ ಸಿಕ್ಕಿಕೊಂಡವರು ನೀರು ಇಳಿಯುವ ತನಕ ಅಲ್ಲೇ ಕೂರುವುದು ಲೇಸು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದು, ದಿಡುಪೆ ಕಡೆಯ ತೋಟಗಳಿಗೆ ಮರ, ಕಲ್ಲು, ಕೆಸರು ನುಗ್ಗಿದ್ದನ್ನು ಈ ತಾಲೂಕು ಕಂಡಿದೆ.

ನವರಾತ್ರಿ ಕಳೆದರೆ ಭಯವಿಲ್ಲ ಎನ್ನುವವರೂ ಇದ್ದಾರೆ. ಆದರೆ ಆಮೇಲೂ ಬರುವ ಹಿಂಗಾರಿನ ಗುಡುಗುಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಕಟ್ಟುತ್ತದೆ. ಬೆಳಗ್ಗೆ ಬೇಗ ಹತ್ತಿ ಬೇಗ ಇಳಿಯಿರಿ.

ಇನ್ನು ಉಣ್ಣಿ. ಮಂಗನ ಕಾಯಿಲೆ ಮಂಗ ಕಚ್ಚಿದರೆ ಬರುತ್ತದೆ, ಅದು ಮಲೆನಾಡಿನಲ್ಲಿ ಮಾತ್ರ ಬರುವ ರೋಗ ಎಂದು ಇಂದಿಗೂ ನಂಬುವವರಿದ್ದಾರೆ. ಎರಡೂ ತಪ್ಪು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಸೋಂಕಿದ ಉಣ್ಣಿ. ಮಂಗ ನಮ್ಮಂತೆಯೇ ಅದಕ್ಕೆ ಬಲಿಯಾಗುವ ಪ್ರಾಣಿ. ಅದು ಸತ್ತಾಗ ಮೈಮೇಲಿನ ಉಣ್ಣಿಗಳು ಸುತ್ತಲಿನ ನೆಲಕ್ಕೆ ಉದುರುತ್ತವೆ. 1982–83ರಲ್ಲಿ ಇದೇ ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆಯ ಕಡೆ ಈ ಜ್ವರ ಹಬ್ಬಿ ಬಹಳ ಜನ ಸತ್ತರು. ಕಾಡಿನಂಚಿನ ಬಡವರೇ ಹೆಚ್ಚು ನೊಂದ ಆ ವರ್ಷವನ್ನು ನಾವು ಇಷ್ಟು ಬೇಗ ಮರೆತದ್ದು ಸರಿಯಲ್ಲ. ಎಳೆಯ ಉಣ್ಣಿಗಳ ಕಾಟ ಹೆಚ್ಚುವುದು ಡಿಸೆಂಬರ್‌ನಿಂದ ಮೇ ತನಕ. ಜಿಗಣೆ ಇಲ್ಲ, ದಾರಿ ಒಣಗಿದೆ ಎಂದು ನಾವು ಚಾರಣಕ್ಕೆ ಆರಿಸುವ ಕಾಲವೂ ಅದೇ. ಮಳೆಗಾಲದ ಜಿಗಣೆ ಕಚ್ಚಿದರೆ ರಕ್ತ ಸೋರುತ್ತದೆ, ತುರಿಸುತ್ತದೆ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ; ಉಣ್ಣಿ ಹಾಗಲ್ಲ.

ಉದ್ದ ತೋಳಿನ ಅಂಗಿ ತೊಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಕಂಕುಳು, ಸೊಂಟ, ಮೊಣಕಾಲ ಹಿಂದೆ ತಡವಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ತಿಳಿಸಿ.

ದಾರಿ ಗೊತ್ತಿರುವ ಊರವರು ಜೊತೆಗಿದ್ದರೆ ಅನುಮತಿ ಏಕೆ ಎಂಬ ಮಾತೂ ಇದೆ. ಬಂಡಾಜೆಯಾಗಲಿ ಇದೇ ತಾಲೂಕಿನ ಗಡಾಯಿಕಲ್ಲು ಬೆಟ್ಟವಾಗಲಿ, ವನ್ಯಜೀವಿ ವಿಭಾಗದ ಅನುಮತಿಯಿಲ್ಲದೆ ಹತ್ತುವಂತಿಲ್ಲ. ಸಂಜೆಯಾದರೂ ಇಳಿಯದಿದ್ದರೆ ಹುಡುಕಬೇಕಾದ್ದು ಯಾರನ್ನು ಎಂದು ಆ ಅನುಮತಿ ಚೀಟಿಯಿಂದಲೇ ಗೊತ್ತಾಗುವುದು.

ಕಾಡಿಗೆ ಹೋಗಿ ಬಂದ ಎರಡು ವಾರದೊಳಗೆ ಹಠಾತ್ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, ಯಾವ ಕಾಡಿಗೆ, ಎಂದು ಹೋಗಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.